ಅಪ್ಪನಿಗೆ ನೋವಿನ ಮಾತ್ರೆ ನಾಟುತ್ತಿಲ್ಲ, ಡೋಸ್ ಜಾಸ್ತಿ ಮಾಡಬಹುದೇ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಅಪ್ಪನಿಗೆ 61 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಷುಗರ್ ಬಂದು 13 ವರ್ಷವಾಯಿತು. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಕಾಲಿನ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಪಕ್ಕದ ಬೆಡ್‌ನವರಿಗೂ ಅದೇ ಇಂಜೆಕ್ಷನ್, ಅವರು ನಿದ್ದೆ ಮಾಡಿದರು. ಅಪ್ಪ ಬೆಳಗಿನವರೆಗೆ ನರಳಿದರು. "ಯಜಮಾನ್ರು ಸ್ವಲ್ಪ ನಾಟ್ಕ ಮಾಡ್ತಾರೆ" ಅಂತ ಅಲ್ಲಿನ ಸಿಬ್ಬಂದಿಯೊಬ್ಬರು ಅಂದರು. ಮೂಳೆ ಕೂಡಿದೆ. ಆದರೆ ಎರಡೂ ಪಾದ ಉರಿ ಅಂತ ಆಗ ಕೊಟ್ಟ ನೋವಿನ ಮಾತ್ರೆ ಟ್ರಮಡಾಲ್ 50 ನಿಲ್ಲಿಸಿಲ್ಲ. ದಿನಕ್ಕೆ ಎರಡು ಇದ್ದದ್ದು ಈಗ ಆರಾಗಿದೆ. ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಾರೆ. ಇನ್ನೊಬ್ಬ ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಕೊಟ್ಟಿದ್ದಾರೆ. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು ನಡುಗಿದರು, ಷುಗರ್ 54 ಇತ್ತು. ಕ್ರಿಯೇಟಿನಿನ್ 1.8. ಷುಗರ್ ಇರುವವರಿಗೆ ನೋವಿನ ಮಾತ್ರೆ ನಾಟಲ್ಲ ಅಂತಾರೆ, ನಿಜವೇ? ಡೋಸ್ ಏರಿಸಬಹುದಾ, ಅಥವಾ ಮಾರ್ಫಿನ್ ಪಟ್ಟಿ ಹಾಕಿಸಬೇಕಾ? ಅಪ್ಪನಿಗೆ ಇದು ಚಟವಾಗಿದೆಯಾ? ಗಸಗಸೆ ತಿಂದರೆ ನೋವೂ ಹೋಗುತ್ತೆ, ಷುಗರೂ ಇಳಿಯುತ್ತೆ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ಇನ್ನೊಂದು, ನಾಯಕನಹಟ್ಟಿ ಜಾತ್ರೆಗೆ ನಡೆದೇ ಹೋಗಬೇಕು ಅಂತ ಅಪ್ಪನ ಹಟ. ಕಳಿಸಬಹುದೇ?

ಉತ್ತರ: ಮೊದಲು ಆ "ನಾಟ್ಕ" ಅನ್ನುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ನಾನು ಅರಿವಳಿಕೆ ವೈದ್ಯ. ಅರ್ಧ ದಿನ ಆಪರೇಷನ್ ಥಿಯೇಟರಿನಲ್ಲಿ, ಅರ್ಧ ದಿನ ನೋವಿನ ರೋಗಿಗಳ ಜೊತೆ ಇರುತ್ತೇನೆ. ಒಂದೇ ಆಪರೇಷನ್, ಒಂದೇ ಇಂಜೆಕ್ಷನ್, ಒಂದೇ ತೂಕ. ಆದರೂ ಒಬ್ಬರು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರು ಹಲ್ಲು ಕಚ್ಚಿಕೊಂಡು ಸೀಲಿಂಗ್ ನೋಡುತ್ತಿರುತ್ತಾರೆ. ಹೀಗೆ ಸೀಲಿಂಗ್ ನೋಡುವವರಲ್ಲಿ ಬಹಳ ವರ್ಷದಿಂದ ಷುಗರ್ ಇರುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಆಪರೇಷನ್ ನಂತರ ಇವರಿಗೆ ಮಾರ್ಫಿನ್ ಜಾತಿಯ ಮದ್ದು ಜಾಸ್ತಿ ಬೇಕಾಯಿತು ಅಂತ ಕೆಲವು ಅಧ್ಯಯನಗಳೂ ಹೇಳಿವೆ. ಎಲ್ಲ ಅಧ್ಯಯನಗಳೂ ಅಲ್ಲ, ಎಲ್ಲ ರೋಗಿಗಳೂ ಅಲ್ಲ. ಹಾಗಾಗಿ "ಷುಗರ್ ಇದ್ದರೆ ನೋವಿನ ಮಾತ್ರೆ ನಾಟಲ್ಲ" ಅನ್ನುವುದು ಅರ್ಧ ನಿಜ. ತೊಂದರೆ ಬರುವುದು ಉಳಿದ ಅರ್ಧದಿಂದ. ನಾಟುತ್ತಿಲ್ಲ ಅಂದರೆ ಇನ್ನೆರಡು ನುಂಗೋಣ ಅನ್ನುತ್ತೇವಲ್ಲ, ಅಲ್ಲಿಂದ.

ಯಾಕೆ ನಾಟುವುದಿಲ್ಲ?

ನಿಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರ್ ನೆನಪಿಸಿಕೊಳ್ಳಿ. ಕೆಂಪು ಬಟನ್ ಒತ್ತಿದರೆ ಮೋಟಾರ್ ನಿಲ್ಲಬೇಕು. ಬಟನ್ ಏನೋ ಒಳಗೆ ಹೋಗುತ್ತದೆ, ಟಕ್ ಅಂತ ಸದ್ದೂ ಬರುತ್ತದೆ. ಆದರೆ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೆ ಮೋಟಾರ್ ಓಡುತ್ತಲೇ ಇರುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಬೆರಳು ನೋಯುತ್ತದೆ, ಅಷ್ಟೇ.

ನಮ್ಮ ಬೆನ್ನುಹುರಿಯಲ್ಲಿ, ಮಿದುಳಿನಲ್ಲಿ ಇಂಥ ಕೆಂಪು ಬಟನ್‌ಗಳಿವೆ. ಓಪಿಯಾಯ್ಡ್ ರಿಸೆಪ್ಟರ್ ಅನ್ನುತ್ತೇವೆ. ಇವು ಇರುವುದು ಪಕ್ಕಾ ಆದದ್ದು 1973ರಲ್ಲಿ. ಅಫೀಮಿನಿಂದ ಬರುವ ಮಾರ್ಫಿನ್ ಇರಲಿ, ಕಾರ್ಖಾನೆಯಲ್ಲಿ ತಯಾರಾಗುವ ಫೆಂಟನಿಲ್, ಟ್ರಮಡಾಲ್ ಇರಲಿ, ಎಲ್ಲವೂ ಒತ್ತುವುದು ಇದೇ ಬಟನ್. ಒತ್ತಿದಾಗ ನರದ ಒಳಗೆ ಸರಪಳಿಯ ಹಾಗೆ ಕೆಲಸ ನಡೆದು ನೋವಿನ ಸುದ್ದಿ ಮೇಲೆ ಹೋಗುವುದು ಕಡಿಮೆಯಾಗುತ್ತದೆ.

ಇಲಿಗಳಿಗೆ ಔಷಧಿ ಕೊಟ್ಟು ಷುಗರ್ ಬರಿಸಿ, ಆಮೇಲೆ ಮಾರ್ಫಿನ್ ಕೊಟ್ಟು ನೋಡುವ ಪ್ರಯೋಗಗಳು ಬಹಳ ಹಿಂದಿನಿಂದ ನಡೆದಿವೆ. 1981ರಷ್ಟು ಹಿಂದೆಯೇ ಷುಗರ್ ಬಂದ ಇಲಿಗಳಲ್ಲಿ ಮಾರ್ಫಿನ್ ಬಲ ಕಡಿಮೆಯಾಗುವುದು ಕಂಡುಬಂತು. ಆಮೇಲೆ ಹುಡುಕುತ್ತಾ ಹೋದಾಗ ಬೆನ್ನುಹುರಿಯಲ್ಲಿ ಬಟನ್ ಮತ್ತು ಒಳಗಿನ ಸರಪಳಿಯ ನಡುವಿನ ಹಿಡಿತವೇ ಸಡಿಲವಾಗಿರುವುದು ಗೊತ್ತಾಯಿತು. ರಕ್ತದಲ್ಲಿ ಏರಿದ ಸಕ್ಕರೆಯ ಪಾತ್ರವೂ ಇದೆ. 1984ರಲ್ಲಿ ಷುಗರ್ ಇಲ್ಲದ ಆರೋಗ್ಯವಂತರಿಗೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟಾಗ ನೋವು ತಡೆಯುವ ಶಕ್ತಿ ಇಳಿದದ್ದು ವರದಿಯಾಯಿತು. ನಂತರದವರಿಗೆಲ್ಲ ಅದೇ ಫಲಿತಾಂಶ ಸಿಕ್ಕಿಲ್ಲ. ಆದರೂ ಷುಗರ್ 300 ದಾಟಿದ ವಾರ ಉರಿ ಜಾಸ್ತಿ ಅಂತ ರೋಗಿಗಳು ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ತಂದೆಗೆ ಇದ್ದದ್ದು ಎರಡು ಬೇರೆ ನೋವು. ಮೂಳೆ ಮುರಿದ ನೋವು ಒಂದು. ಅಲ್ಲಿ ಗಾಯವಿದೆ, ನರ ಸರಿಯಾಗಿಯೇ ಸುದ್ದಿ ಕಳಿಸುತ್ತಿದೆ. ಪಾದದ ಉರಿ ಹಾಗಲ್ಲ. ಪಾದದಲ್ಲಿ ಬೆಂಕಿಯೂ ಇಲ್ಲ, ಗಾಯವೂ ಇಲ್ಲ. ವರ್ಷಗಟ್ಟಲೆ ಸಕ್ಕರೆಯಲ್ಲಿ ನೆನೆದು ಹಾಳಾದ ನರ ಸುಮ್ನೆ ಸುಳ್ಳು ಸುದ್ದಿ ಕಳಿಸುತ್ತಿದೆ. ಕೇಬಲ್ಲೇ ಸುಟ್ಟಿರುವಾಗ ಸ್ಟಾರ್ಟರ್ ಬಟನ್ ಎಷ್ಟು ಒತ್ತಿದರೇನು? ಟ್ರಮಡಾಲ್‌ನಿಂದ ಇಂಥ ನೋವು ಸ್ವಲ್ಪ ದಿನ, ಸ್ವಲ್ಪ ಮಟ್ಟಿಗೆ ಇಳಿಯಬಹುದು. ಆದರೆ ಅಮೆರಿಕದ ಡಯಾಬಿಟೀಸ್ ಸಂಘದ ಈಚಿನ ಸಲಹೆಯಲ್ಲಿ ಷುಗರಿನ ನರನೋವಿಗೆ ಟ್ರಮಡಾಲ್, ಟಪೆಂಟಡಾಲ್ ಸೇರಿ ಈ ಜಾತಿಯ ಯಾವುದನ್ನೂ ಬಳಸಬೇಡಿ ಎಂದೇ ಇದೆ. ತಮಾಷೆ ನೋಡಿ, ಇದೇ ಟಪೆಂಟಡಾಲ್‌ಗೆ ಇದೇ ನೋವಿಗಾಗಿ 2012ರಲ್ಲಿ ಅಲ್ಲಿ ಅನುಮತಿ ಸಿಕ್ಕಿತ್ತು.

ಆ ರಾತ್ರಿ ಎರಡು ಗಂಟೆಯ ಬೆವರು

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಲು. ಟ್ರಮಡಾಲ್ ಷುಗರನ್ನು ಇಳಿಸಬಲ್ಲದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಕೆಲವು ವೈದ್ಯರಿಗೂ ಥಟ್ಟನೆ ಹೊಳೆಯುವುದಿಲ್ಲ. ಬ್ರಿಟನ್ನಿನ ರೋಗಿಗಳ ದೊಡ್ಡ ದಾಖಲೆಯೊಂದನ್ನು ಜಾಲಾಡಿದಾಗ, ಷುಗರ್ ತೀರಾ ಇಳಿದು ಆಸ್ಪತ್ರೆ ಸೇರುವುದು ಇದೇ ಜಾತಿಯ ಕೊಡೀನ್ ತೆಗೆದುಕೊಂಡವರಿಗಿಂತ ಟ್ರಮಡಾಲ್ ತೆಗೆದುಕೊಂಡವರಲ್ಲಿ ಜಾಸ್ತಿ ಕಂಡಿತು. ಮೊದಲ ತಿಂಗಳಲ್ಲಿ ಇನ್ನೂ ಜಾಸ್ತಿ.

ನಿಮ್ಮ ತಂದೆಯ ವಿಷಯದಲ್ಲಿ ಇದರ ಜೊತೆ ಇನ್ನೆರಡು ಸೇರಿವೆ. ಗ್ಲಿಮಿಪಿರೈಡ್ ತಾನೇ ಷುಗರ್ ಇಳಿಸಿ ಬೀಳಿಸುವ ಮಾತ್ರೆ. ಕ್ರಿಯೇಟಿನಿನ್ 1.8 ಅಂದರೆ ಈ ವಯಸ್ಸಿನಲ್ಲಿ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಗ್ಲಿಮಿಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಟ್ರಮಡಾಲ್ ಸಹ ನಿಲ್ಲುತ್ತದೆ. ಮೆಟ್‌ಫಾರ್ಮಿನ್ ಡೋಸನ್ನೂ ಈ ಕ್ರಿಯೇಟಿನಿನ್‌ಗೆ ತಕ್ಕಂತೆ ಮತ್ತೆ ನೋಡಬೇಕು.

ಮತ್ತೆ ಹೀಗಾದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. 70 ದಾಟಿರದಿದ್ದರೆ ಇನ್ನೊಮ್ಮೆ ಕುಡಿಸಿ. ದಾಟಿತು ಅಂತ ಮಲಗಿಬಿಡಬೇಡಿ. ಗ್ಲಿಮಿಪಿರೈಡ್ ಇರುವಾಗ, ಕಿಡ್ನಿ ಸೋತಿರುವಾಗ, ಷುಗರ್ ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಏನಾದರೂ ತಿನ್ನಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಂಬುಲೆನ್ಸ್‌ಗೆ ಫೋನ್ ಮಾಡಿ.

ಇನ್ನು ಟ್ರಮಡಾಲ್ ಮತ್ತು ಅಮಿಟ್ರಿಪ್ಟಿಲಿನ್ ಜೋಡಿ. ಎರಡೂ ಬೇರೆ ಬೇರೆ ಚೀಟಿಯಲ್ಲಿ ಬಂದಿವೆ ಅಲ್ವಾ? ಬರೆದ ಇಬ್ಬರೂ ಒಬ್ಬರ ಚೀಟಿ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಎರಡೂ ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಏರಿಸುತ್ತವೆ, ಅದು ಅತಿಯಾದರೆ ಅಪಾಯ. ಟ್ರಮಡಾಲ್ ಏರುತ್ತಾ ಹೋದಂತೆ ಫಿಟ್ಸ್ ಬರುವ ಅಪಾಯವೂ ಏರುತ್ತದೆ. ಆರೋಗ್ಯವಂತ ವಯಸ್ಕರಿಗೇ ದಿನದ ಮಿತಿ 400 ಮಿಲಿಗ್ರಾಂ. ನಿಮ್ಮ ತಂದೆ 300ರಲ್ಲಿದ್ದಾರೆ, ಅರ್ಧ ಕಿಡ್ನಿಯ ಜೊತೆ. ಹಾಗಾಗಿ ಡೋಸ್ ಏರಿಸಬಹುದಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಬೇಡ. ಒಂದು ಮಾತ್ರೆಯೂ ಬೇಡ.

ಹಾಗಂತ ಈವತ್ತು ರಾತ್ರಿಯೇ ಸ್ಟ್ರಿಪ್ ಕಿತ್ತುಕೊಂಡು ತಿಪ್ಪೆಗೆ ಎಸೆಯಬೇಡಿ. ಎಂಟು ತಿಂಗಳು ತಿಂದ ಮೈಗೆ ಏಕಾಏಕಿ ನಿಂತರೆ ಆಕಳಿಕೆ, ಮೂಗು ಸೋರುವುದು, ಭೇದಿ, ಬೆವರು, ಚಡಪಡಿಕೆ ಶುರುವಾಗುತ್ತದೆ. ಈ ಬೆವರು ನಡುಕ, ಷುಗರ್ ಇಳಿದಾಗಿನ ಬೆವರು ನಡುಕ, ನೋಡಲು ಎರಡೂ ಒಂದೇ. ಗ್ಲೂಕೋಮೀಟರ್ ಒಂದೇ ಬೇರೆ ಮಾಡಿ ಹೇಳಬಲ್ಲದು. ವೈದ್ಯರ ಕಣ್ಣೆದುರು, ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಚಟವೇ?

ಮೈ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಬಹಳ ದಿನ ತಿಂದ ಯಾರಿಗಾದರೂ ಮೈ ಒಗ್ಗುತ್ತದೆ. ಮೊದಲಿನ ಡೋಸ್ ಸಾಲುವುದಿಲ್ಲ, ಬಿಟ್ಟರೆ ಕಷ್ಟವಾಗುತ್ತದೆ. ನೋವಿಗಲ್ಲದೆ ಮಂಪರಿಗಾಗಿ ತಿನ್ನುವುದು, ಬಚ್ಚಿಡುವುದು, ಮೂರು ಅಂಗಡಿ ಅಲೆಯುವುದು, ಅದರಿಂದ ಮನೆ ಕೆಡುತ್ತಿದ್ದರೂ ಬಿಡಲಾಗದಿರುವುದು, ಇದು ಚಟ. ನೀವು ಬರೆದದ್ದರಲ್ಲಿ ನನಗೆ ಮೊದಲನೆಯದು ಕಾಣುತ್ತದೆ. ಒಂದು ವಿಚಿತ್ರವೂ ಇದೆ. ಈ ಜಾತಿಯ ಮದ್ದು ತಿಂಗಳುಗಟ್ಟಲೆ ತಿಂದರೆ ಕೆಲವರಲ್ಲಿ ನೋವಿನ ನರಗಳು ಇನ್ನಷ್ಟು ಚುರುಕಾಗುತ್ತವೆ. ಮಾತ್ರೆ ಇಳಿಸಿದ ಮೇಲೆ ನೋವೂ ಇಳಿದವರನ್ನು ನೋಡಿದ್ದೇನೆ.

ಹಳೇ ಚೀಟಿಗೆ ಕೊಡುವ ಅಂಗಡಿಯವರ ಬಗ್ಗೆ ಒಂದು ಮಾತು. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾದಕ ವಸ್ತುಗಳ ಕಾಯ್ದೆಯಡಿ ತಂದಿದೆ. ಪರಿಚಯದವರು ಅಂತ ಕೊಡುವುದು ಉಪಕಾರವಲ್ಲ.

ಮಾರ್ಫಿನ್, ಪಟ್ಟಿ, ಗಸಗಸೆ

ಮಾರ್ಫಿನ್ ಅಂದರೆ ನನಗೆ ಭಯವಿಲ್ಲ, ದಿನಾ ಕೊಡುತ್ತೇನೆ. ಕ್ಯಾನ್ಸರ್ ನೋವಿನಲ್ಲಿರುವವರಿಗೆ ಷುಗರ್ ಇದೆ ಅಂತ ಮಾರ್ಫಿನ್ ತಪ್ಪಿಸುವುದು ಅನ್ಯಾಯ. ಆದರೆ ನಿಮ್ಮ ತಂದೆಯ ಉರಿಗೆ ಅದು ಸರಿಯಾದ ಮದ್ದಲ್ಲ. ಮಾರ್ಫಿನ್ ಲಿವರ್‌ನಲ್ಲಿ ಬದಲಾಗಿ, ಬಲವಾದ ಇನ್ನೊಂದು ರೂಪದಲ್ಲಿ ಕಿಡ್ನಿ ಮೂಲಕ ಹೊರಹೋಗಬೇಕು. ಕಿಡ್ನಿ ಸೋತಿದ್ದರೆ ಅದು ದಿನದಿನಕ್ಕೆ ಮೈಯಲ್ಲಿ ಗುಡ್ಡೆಯಾಗುತ್ತದೆ. ಮೊದಲ ದಿನ ಚೆನ್ನಾಗಿದ್ದವರು ನಾಲ್ಕನೇ ದಿನ ಎಬ್ಬಿಸಿದರೂ ಏಳದೆ, ನಿಧಾನ ಉಸಿರಾಡುತ್ತಾ ಮಲಗಿರುತ್ತಾರೆ. ನೋವಿನ ಮೇಲೆ ಮದ್ದಿನ ಹಿಡಿತ ಸಡಿಲವಾದರೂ ಉಸಿರಿನ ಮೇಲೆ ಸಡಿಲವಾಗಿರುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ. ಡೋಸ್ ಏರಿಸುವುದಕ್ಕೆ ನಾನು ಹೆದರುವುದು ಇದಕ್ಕೇ.

ನೀವು ಮಾರ್ಫಿನ್ ಪಟ್ಟಿ ಅಂದದ್ದು ಬಹುಶಃ ಫೆಂಟನಿಲ್ ಪಟ್ಟಿ ಇರಬೇಕು. ಚರ್ಮಕ್ಕೆ ಅಂಟಿಸುವುದು. ಬಿಸಿ ತಾಗಿದರೆ ಅದರಿಂದ ಮದ್ದು ಜಾಸ್ತಿ ಇಳಿಯುತ್ತದೆ. ಜ್ವರ ಬಂದರೂ ಅಷ್ಟೇ, ಬಿಸಿನೀರಿನ ಶಾಖ ಕೊಟ್ಟರೂ ಅಷ್ಟೇ. ನಮ್ಮ ದುರ್ಗದ ಕಡೆ ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿಕೊಂಡು ತೋಟದಲ್ಲಿ ನಿಲ್ಲುವ ಮಾತೇ ಬೇಡ.

ಗಸಗಸೆಯ ಕಥೆಗೆ ಹಳೇ ಬೇರು ಇದೆ. 1921ರಲ್ಲಿ ಇನ್ಸುಲಿನ್ ಸಿಗುವ ಮೊದಲು ಯುರೋಪಿನ ವೈದ್ಯರು ಷುಗರ್ ಕಾಯಿಲೆಗೆ ಅಫೀಮು ಕೊಡುತ್ತಿದ್ದರು. ಬೇರೆ ಏನೂ ಇರಲಿಲ್ಲ ಪಾಪ. ಅಫೀಮು ಬರುವುದು ಗಿಡದ ಹಸಿ ಕಾಯಿಯ ಹಾಲಿನಿಂದ. ಒಣಗಿದ ಬೀಜವೇ ನಮ್ಮ ಗಸಗಸೆ. ಅಡುಗೆಯ ಗಸಗಸೆಯಲ್ಲಿ ಅದರ ಅಂಶ ತೀರಾ ಅತ್ಯಲ್ಪ, ನೋವಿಗೆ ಏನೂ ಸಾಲದು. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ನಿದ್ದೆ ಬಂತು ಅಂದರೆ ಅದರ ಹಿಂದೆ ಎಷ್ಟು ಹೋಳಿಗೆ ಹೋಗಿದ್ದವು ಅಂತ ಎಣಿಸಿ ನೋಡಿ! ಷುಗರ್ ಇಳಿಸುವುದಂತೂ ದೂರ, ಪಾಯಸದ ಬೆಲ್ಲ ಏರಿಸಿಯೇ ಏರಿಸುತ್ತದೆ.

ಹಾಗಾದರೆ ಏನು ಮಾಡುವುದು?

ಮದ್ದಿನ ಜಾತಿಯನ್ನೇ ಬದಲಿಸಬೇಕು. ಷುಗರಿನ ನರನೋವಿಗೆ ನಾವು ಮೊದಲು ತೆಗೆಯುವುದು ಮೂರು: ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗಾಬಾಲಿನ್. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಈ ಮೂರರಲ್ಲಿ ಯಾವುದರಿಂದ ಶುರು ಮಾಡಿದರೂ ಹೆಚ್ಚುಕಮ್ಮಿ ಅಷ್ಟೇ ಗುಣ ಸಿಕ್ಕಿತು. ಒಂದು ಸಾಲದವರಿಗೆ ಇನ್ನೊಂದನ್ನು ಸೇರಿಸಿದಾಗ ಇನ್ನಷ್ಟು ಇಳಿಯಿತು. ಅಂದರೆ ಯಾವುದು ಹೆಚ್ಚು ಬಲ ಅನ್ನುವುದಕ್ಕಿಂತ, ಯಾವುದು ಇವರ ಮೈಗೆ ಆಗಿಬರುತ್ತದೆ ಅನ್ನುವುದು ಪ್ರಶ್ನೆ.

ಅಮಿಟ್ರಿಪ್ಟಿಲಿನ್ ಈಗಾಗಲೇ ಇದೆ, 10 ಅನ್ನುವುದು ಶುರುವಿನ ಡೋಸ್. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇದ್ದರೆ ಮೂತ್ರ ಕಟ್ಟಬಹುದು. ಏರಿಸುವ ಮೊದಲು ಇಸಿಜಿ ತೆಗೆಸುವುದು ಒಳ್ಳೆಯದು. ಡುಲೊಕ್ಸೆಟಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೊದಲ ವಾರ ವಾಕರಿಕೆ ಇರಬಹುದು. ಕಿಡ್ನಿ ಇನ್ನೂ ಕೆಟ್ಟರೆ ಕೊಡುವಂತಿಲ್ಲ. ಟ್ರಮಡಾಲ್ ಜೊತೆ ಅದು ಸರಿಹೋಗುವುದಿಲ್ಲ. ಟ್ರಮಡಾಲ್ ಮೈಯಲ್ಲಿ ಬಲವಾದ ರೂಪಕ್ಕೆ ಬದಲಾಗುವುದನ್ನೇ ಅದು ತಡೆಯುತ್ತದೆ, ಮೇಲೆ ಸೆರೊಟೋನಿನ್ ಗೊಂದಲ ಬೇರೆ. ಪ್ರಿಗಾಬಾಲಿನ್ ಡೋಸನ್ನು ಕಿಡ್ನಿ ನೋಡಿ ಇಳಿಸಬೇಕು. ಕಾಲು ಊದುತ್ತದೆ, ತಲೆ ಸುತ್ತುತ್ತದೆ. ಈಗಷ್ಟೇ ಮೂಳೆ ಕೂಡಿದವರು ರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ? ಟ್ರಮಡಾಲ್ ಇನ್ನೂ ನಡೆಯುತ್ತಿರುವಾಗ ಇದನ್ನೂ ಸೇರಿಸಿದರೆ ಉಸಿರು ಕುಗ್ಗುವ ಅಪಾಯವೂ ಇದೆ. ನಾನಾಗಿದ್ದರೆ ಟ್ರಮಡಾಲ್ ಇಳಿಸುವುದು ಮೊದಲು ಶುರು ಮಾಡಿ, ನಂತರ ಒಂದೊಂದಾಗಿ ಯೋಚಿಸುತ್ತಿದ್ದೆ.

ಯಾವ ಮಾತ್ರೆಯೂ ಉರಿಯನ್ನು ಸೊನ್ನೆ ಮಾಡುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಎಂಟಿದ್ದದ್ದು ನಾಲ್ಕಕ್ಕೆ ಬಂದು, ರಾತ್ರಿ ನಿದ್ದೆ ಬಂದರೆ ಗೆದ್ದ ಹಾಗೆ.

ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಕ್ರೀಮ್ ಸಹ ಇದೆ. ಸಿಗುವುದು, ಹಚ್ಚುವುದು ಸುಲಭ. ಮೊದಲು ಉರಿ ಏರಿಸಿ ಆಮೇಲೆ ಇಳಿಸುತ್ತದೆ, ಹಾಗಾಗಿ ತಾಳ್ಮೆ ಬೇಕು. ಬಿರಿದ ಹಿಮ್ಮಡಿಗೆ ಹಚ್ಚಬಾರದು, ಹಚ್ಚಿದ ಕೈ ಕಣ್ಣಿಗೆ ತಾಗಬಾರದು. ಇದನ್ನು ಓದಿ ಮಿರ್ಚಿ ಅಂಗಡಿಯ ಖಾರದ ಪುಡಿ ಹಚ್ಚುವವರೂ ಇರುತ್ತಾರೆ, ದಯವಿಟ್ಟು ಬೇಡ. ಡೈಕ್ಲೋಫೆನಾಕ್ ಥರದ ನೋವಿನ ಇಂಜೆಕ್ಷನ್ನೂ ಬೇಡ. ನರನೋವಿಗೆ ಅದು ಮುಟ್ಟುವುದಿಲ್ಲ, ಉಳಿದ ಕಿಡ್ನಿಯನ್ನು ತಿನ್ನುತ್ತದೆ.

ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ತಿಂದವರಿಗೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಅದರಿಂದಲೂ ಇದೇ ಉರಿ, ಇದೇ ಜೋಮು. ಒಂದು ರಕ್ತ ಪರೀಕ್ಷೆ, ಕಡಿಮೆ ಇದ್ದರೆ ಇಂಜೆಕ್ಷನ್ನು. ಮೂರು ಮದ್ದಿನ ಜಗಳಕ್ಕಿಂತ ಮೊದಲು ಇದನ್ನು ಮಾಡಿಸಿ. ಆದರೆ "ನರದ ಮಾತ್ರೆ" ಅಂತ ಸಿಕ್ಕಿದ್ದನ್ನೆಲ್ಲ ವರ್ಷಗಟ್ಟಲೆ ನುಂಗುವುದೂ ತಪ್ಪು. ಅವುಗಳಲ್ಲಿ ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ.

ಷುಗರ್ ಹಿಡಿತಕ್ಕೆ ತರಬೇಕು, ಆದರೆ ಹಟದಿಂದ ಒಂದೇ ಸಲ ಅಲ್ಲ. ಸರಾಸರಿ ಷುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಮೂರು ತಿಂಗಳಲ್ಲಿ ಎರಡು ಅಂಕಕ್ಕಿಂತ ಜಾಸ್ತಿ ಇಳಿದರೆ ಕೆಲವರಿಗೆ ಉರಿ ಭಯಂಕರವಾಗಿ ಏರುತ್ತದೆ. ಅಪಘಾತದ ನಂತರ ಗಾಬರಿಯಿಂದ ಷುಗರ್ ಮಾತ್ರೆ ಏರಿಸಿದ್ದರಾ? ಹಳೇ ರಿಪೋರ್ಟ್, ಹೊಸ ರಿಪೋರ್ಟ್ ಪಕ್ಕ ಪಕ್ಕ ಇಟ್ಟು ನೋಡಿ.

ಮುಂದೆ ಯಾವುದೇ ಆಪರೇಷನ್ ಬಂದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ: ಹೋದ ಸಲ ನೋವು ಹಿಡಿತಕ್ಕೆ ಬರಲಿಲ್ಲ, ಮನೆಯಲ್ಲಿ ಟ್ರಮಡಾಲ್ ಇಷ್ಟು ತಿನ್ನುತ್ತಾರೆ. ಆ ಕಾಲಿನ ನರದ ಬಳಿಯೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಕೆಂಪು ಬಟನ್ ನೆಚ್ಚಿಕೊಳ್ಳಬೇಕಾದದ್ದೇ ಕಡಿಮೆ.

ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಚೀಟಿ ಸುಳ್ಳು ಹೇಳಬಹುದು, ಖಾಲಿ ಸ್ಟ್ರಿಪ್ ಹೇಳುವುದಿಲ್ಲ.

ಜಾತ್ರೆಯ ವಿಷಯ. ಪಾದ ಉರಿ ಅಂತ ಬಂದ ಒಬ್ಬ ಯಜಮಾನರ ಕಾಲಿಗೆ ಸ್ಪರ್ಶ ತಿಳಿಯುತ್ತದೆಯೇ ಅಂತ ಪರೀಕ್ಷೆ ಮಾಡಲು ನೈಲಾನ್ ಎಳೆ ಹಿಡಿದು ಕೂತಿದ್ದೆ. ಹಿಮ್ಮಡಿಯಲ್ಲಿ ಕಪ್ಪು ಚುಕ್ಕೆ ಕಂಡಿತು. ಚಿಮಟ ಹಾಕಿ ಎಳೆದರೆ ಒಂದಂಗುಲ ಜಾಲಿ ಮುಳ್ಳು, ಸುತ್ತ ಕೀವು. "ಯಾವಾಗ ಚುಚ್ಚಿತೋ ಗೊತ್ತೇ ಇಲ್ಲ ಸಾ" ಅಂದರು. ಇಲ್ಲದ ಬೆಂಕಿ ಸುಡುತ್ತದೆ, ಇರುವ ಮುಳ್ಳು ಚುಚ್ಚುವುದಿಲ್ಲ. ಷುಗರಿನ ಪಾದ ಅಂದರೆ ಹೀಗೆ. ನಾಯಕನಹಟ್ಟಿ ತೇರು ಬರುವುದು ಬಿಸಿಲು ಏರುವ ಹೊತ್ತಿಗೆ. ಬರಿಗಾಲಲ್ಲಿ ಆ ಟಾರ್ ರಸ್ತೆ ತುಳಿದರೆ ಬೊಬ್ಬೆ ಎದ್ದದ್ದೂ ತಂದೆಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಗುಡಿಯ ಬಾಗಿಲವರೆಗೂ ಚಪ್ಪಲಿ ಇರಲಿ, ಅಲ್ಲಿಂದ ಒಳಗೆ ದಪ್ಪ ಕಾಲುಚೀಲ ಇರಲಿ. ವಾಪಸ್ ಬಂದ ಮೇಲೆ ಎರಡೂ ಪಾದದ ಅಡಿ ನೀವೇ ನೋಡಿ, ಅವರ ಮಾತು ಕೇಳಬೇಡಿ.